ಭಾರತದ ವಿಜ್ಞಾನವೂ ಯಂತ್ರವಿದ್ಯೆಯೂ
(ಉಪನ್ಯಾಸ)



ಮಹೋತ್ಸವವೆಂಬುದು ಕೇವಲ ಸಂಭ್ರಮಕ್ಕಾಗಿ ಏರ್ಪಟ್ಟುದಲ್ಲ. ನಡೆದುಬಂದ ದಾರಿಯನ್ನು ತಿರುಗಿ ನೋಡಿ, ಆದ ಲಾಭನಷ್ಟಗಳನ್ನು ಲೆಕ್ಕಹಾಕಿ, ಮುಂದಿಡಬೇಕಾದ ಹೆಜ್ಜೆಯನ್ನು ನಿಶ್ಚಯಿಸಿಕೊಳ್ಳುವುದಕ್ಕೂ ಅದು ತಕ್ಕ ಕಾಲವಾಗಿರುವುದು. ಮನೆತನಕ್ಕೂ ಮಠಕ್ಕೂ ಸಲ್ಲುವ ಈ ಮಾತು ರಾಷ್ಟ್ರಕ್ಕೂ ಸಲ್ಲುವುದು. ಭಾರತದಲ್ಲಿ ವಿಜ್ಞಾನವೂ ಯಂತ್ರವಿದ್ಯೆಯೂ ಪ್ರಕೃತ ಯಾವ ಸ್ಥಿತಿಯಲ್ಲಿರುವುವು, ಆ ಸ್ಥಿತಿಗೆ ಕಾರಣಗಳೇನು, ಅದನ್ನು ಉತ್ತಮಪಡಿಸುವುದರಲ್ಲಿ ಜನಸಾಮಾನ್ಯರ ಹೊಣೆ ಯಾವುದು ಎಂಬುದೇ ಈ ಉಪನ್ಯಾಸದ ವಿಷಯ.

2023ನೆಯ ಇಸವಿ ಆಗಸ್ಟ್ 23ನೆಯ ತಾರೀಖಿನ ಸಂಜೆ ಚಂದ್ರಯಾನ-3ರ ನೌಕೆಯು ಚಂದ್ರನ ದಕ್ಷಿಣ ಧ್ರುವದ ಸಮೀಪದಲ್ಲಿ ಮೆಲ್ಲಗೆ ಇಳಿಯಿತು. ಆ ಭಾಗದಲ್ಲಿ ಅದಕ್ಕೆ ಮೊದಲು ಯಾವ ದೇಶದ ನೌಕೆಯೂ ಸುರಕ್ಷಿತವಾಗಿ ಇಳಿದಿರಲಿಲ್ಲ. ಹಳ್ಳಿಹಳ್ಳಿಗಳಲ್ಲಿ ಜನರು ಅದನ್ನು ಕಂಡು ಹಿಗ್ಗಿದರು. ಹಿಗ್ಗಿದುದು ನ್ಯಾಯವೇ ಸರಿ. ಆದರೆ ಅದೇ ದೇಶದ ಇನ್ನೊಂದು ಲೆಕ್ಕವನ್ನೂ ನೋಡಬೇಕು. ಸರಕಾರವು ಪ್ರಕಟಿಸಿದ ಅಂಕಿಅಂಶಗಳ ಪ್ರಕಾರ 2020-21ನೆಯ ಸಾಲಿನಲ್ಲಿ ಭಾರತವು ತನ್ನ ಒಟ್ಟು ಉತ್ಪನ್ನದ ಪ್ರತಿ ನೂರು ರೂಪಾಯಿಗಳಲ್ಲಿ ಸಂಶೋಧನೆಗಾಗಿ ವೆಚ್ಚಮಾಡಿದುದು ಕೇವಲ 64 ಪೈಸೆಗಳು. ದಕ್ಷಿಣ ಕೊರಿಯಾದವರು ಅದೇ ನೂರರಲ್ಲಿ ಐದಕ್ಕೆ ಸಮೀಪದಷ್ಟನ್ನು ವೆಚ್ಚಮಾಡುತ್ತಿರುವರು. ಆ ಸುಮಾರಿಗೆ ಭಾರತದಲ್ಲಿ ಹತ್ತು ಲಕ್ಷ ಜನರಿಗೆ ಸಂಶೋಧಕರು ಇದ್ದುದು 260ರಷ್ಟು ಮಾತ್ರ. ಶಿಖರವು ಎತ್ತರವಾಗಿದೆ, ಪೀಠವು ಕಿರಿದಾಗಿದೆ. ಇಂಥ ಕಟ್ಟಡವು ಎಷ್ಟು ಕಾಲ ನಿಂತೀತೆಂದು ವಿಚಾರಿಸುವುದು ದೇಶಾಭಿಮಾನಕ್ಕೆ ಕುಂದಲ್ಲ. ಅದೇ ದೇಶಾಭಿಮಾನದ ಲಕ್ಷಣ.

ವಿಜ್ಞಾನವು ಜನರ ಬಾಳಿಗೆ ಒದಗಬೇಕಾದರೆ ನಾಲ್ವರು ಕೂಡಬೇಕಾಗುವುದು. ವಿದ್ಯೆಯನ್ನು ಕಲಿಸುವವನೊಬ್ಬನು, ಹೊಸದನ್ನು ಶೋಧಿಸುವವನೊಬ್ಬನು, ಶೋಧಿಸಿದುದನ್ನು ಕಾರ್ಖಾನೆಯಲ್ಲಿ ತಯಾರಿಸುವವನೊಬ್ಬನು, ತಯಾರಾದುದನ್ನು ಬಳಸಿ ಅದರ ಗುಣದೋಷಗಳನ್ನು ಹೇಳುವವನೊಬ್ಬನು. ಈ ನಾಲ್ವರು ಎಲ್ಲಿ ಒಬ್ಬರನ್ನೊಬ್ಬರು ಬಲ್ಲವರಾಗಿದ್ದರೋ ಅಲ್ಲೆಲ್ಲ ಭಾರತದ ಕಾರ್ಯವು ಸಿದ್ಧಿಸಿರುವುದು. ಎಲ್ಲಿ ಅಗಲಿದರೋ ಅಲ್ಲೆಲ್ಲ ಕೆಟ್ಟಿರುವುದು. ದೇಶದ ಕಳೆದ ನೂರೈವತ್ತು ವರ್ಷಗಳ ಚರಿತ್ರೆಯು ಇದಕ್ಕೆ ಸಾಕ್ಷಿಯಾಗಿರುತ್ತದೆ.

ಮೊದಲು ಆರಂಭಕಾಲದ ಸಂಗತಿಯನ್ನು ನೋಡಬಹುದು. ಕಲಕತ್ತೆಯಲ್ಲಿ ಡಾಕ್ಟರ್ ಮಹೇಂದ್ರಲಾಲ ಸರಕಾರ ಎಂಬ ವೈದ್ಯರಿದ್ದರು. ಭಾರತೀಯರು ಭಾರತೀಯರ ಹಣದಿಂದಲೇ ನಡೆಸುವ ಒಂದು ವಿಜ್ಞಾನಮಂದಿರವಿರಬೇಕೆಂದು ಸಂಕಲ್ಪಿಸಿ, ಶ್ರೀಮಂತರ ಬಳಿಯೂ ವಿದ್ಯಾವಂತರ ಬಳಿಯೂ ಚಂದಾ ಎತ್ತಿ 1876ರಲ್ಲಿ ಅವರು ಒಂದು ಸಂಸ್ಥೆಯನ್ನು ಸ್ಥಾಪಿಸಿದರು. ಅವರು 1904ರಲ್ಲಿ ತೀರಿಕೊಳ್ಳುವವರೆಗೂ ಆ ಮಂದಿರದಿಂದ ಲೋಕವು ಬೆರಗಾಗುವಂಥ ಫಲವೇನೂ ಬರಲಿಲ್ಲ. ಅವರು ತೀರಿಕೊಂಡ ಮೂರು ವರ್ಷಗಳ ಮೇಲೆ, ಸರಕಾರದ ಲೆಕ್ಕಪತ್ರದ ಇಲಾಖೆಯಲ್ಲಿ ಉದ್ಯೋಗಕ್ಕಿದ್ದ ಒಬ್ಬ ಯುವಕನು ಅದರ ಬಾಗಿಲಿಗೆ ಬಂದು, ಕಚೇರಿಯ ಹೊತ್ತಿಗೆ ಮುಂಚೆಯೂ ಅನಂತರವೂ ಅಲ್ಲಿ ಪ್ರಯೋಗಮಾಡಲು ಅನುಮತಿ ಪಡೆದನು. ಆತನೇ ಚಂದ್ರಶೇಖರ ವೆಂಕಟರಾಮನ್. 1928ನೆಯ ಇಸವಿ ಫೆಬ್ರವರಿ 28ರಂದು ಬೆಳಕಿನ ಚದರಿಕೆಯ ಹೊಸ ಪರಿಣಾಮವು ಅಲ್ಲಿಯೇ ದೃಢಪಟ್ಟಿತು. 1930ರಲ್ಲಿ ಅದಕ್ಕೆ ನೊಬೆಲ್ ಪಾರಿತೋಷಕವು ಲಭಿಸಿತು. ಚಂದಾ ಕೊಟ್ಟವರಲ್ಲಿ ಬಹುಮಂದಿ ಆ ದಿನವನ್ನು ಕಾಣಲಿಲ್ಲ. ವಿದ್ಯಾದಾನದ ಫಲವು ದಾನಿಯ ಆಯುಸ್ಸಿನೊಳಗೇ ಕೈಸೇರಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಅದೇ ನಗರದಲ್ಲಿ ಆಚಾರ್ಯ ಪ್ರಫುಲ್ಲಚಂದ್ರ ರಾಯರು ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದುಕೊಂಡೇ ಔಷಧಗಳ ತಯಾರಿಕೆಯನ್ನು ಕೈಗೊಂಡರು. 1901ರಲ್ಲಿ ಅದು ಬೆಂಗಾಲ್ ಕೆಮಿಕಲ್ ಎಂಬ ಕಂಪೆನಿಯಾಯಿತು. ಕಲಿಸುವವರೂ ಶೋಧಿಸುವವರೂ ತಯಾರಿಸುವವರೂ ಅಲ್ಲಿ ಒಬ್ಬರೇ ಆಗಿದ್ದರು. ಅವರ ವಿದ್ಯಾರ್ಥಿಗಳು ಪಾಠದ ಕೋಣೆಯಲ್ಲಿ ಕೇಳಿದುದನ್ನು ಕಾರ್ಖಾನೆಯಲ್ಲಿ ಕಣ್ಣಾರೆ ಕಾಣಬಹುದಾಗಿತ್ತು.

ಕನ್ನಡನಾಡು ಈ ಕಾರ್ಯದಲ್ಲಿ ಹಿಂದೆ ಬಿದ್ದುದಲ್ಲ. 1902ರಲ್ಲಿ ಮೈಸೂರು ಸಂಸ್ಥಾನವು ಶಿವನಸಮುದ್ರದ ಕಾವೇರಿಯ ಧಾರೆಯಿಂದ ವಿದ್ಯುಚ್ಛಕ್ತಿಯನ್ನು ಉತ್ಪಾದಿಸಿ, ಸುಮಾರು 92 ಮೈಲಿಗಳ ದೂರಕ್ಕೆ ತಂತಿಯ ಮೂಲಕ ಸಾಗಿಸಿ, ಕೋಲಾರದ ಚಿನ್ನದ ಗಣಿಗಳಿಗೆ ಒದಗಿಸಿತು. ಅಷ್ಟು ದೂರ ವಿದ್ಯುತ್ತನ್ನು ಸಾಗಿಸುವುದು ಆ ಕಾಲಕ್ಕೆ ಲೋಕದಲ್ಲಿಯೇ ಅಪರೂಪವಾದ ಸಾಹಸವಾಗಿತ್ತು. ಜಮಶೇಟಜಿ ಟಾಟಾ ಅವರು ಉನ್ನತ ಸಂಶೋಧನೆಗಾಗಿ ಒಂದು ಸಂಸ್ಥೆಯನ್ನು ಕಟ್ಟಬೇಕೆಂದು ಧನವನ್ನು ಮೀಸಲಿಟ್ಟಾಗ, ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ 371 ಎಕರೆ ಭೂಮಿಯನ್ನು ದಾನವಾಗಿತ್ತಿತು. 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ಸ್ಥಾಪಿತವಾಯಿತು. ಬೆಂಗಳೂರಿನವರು ಇಂದಿಗೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವರು. ವ್ಯಾಪಾರಿಯ ಧನವೂ ರಾಜ್ಯದ ಭೂಮಿಯೂ ವಿದ್ವಾಂಸರ ಬುದ್ಧಿಯೂ ಒಂದುಗೂಡಿದ ಫಲವದು.

1942ರಲ್ಲಿ ವಿಜ್ಞಾನ ಮತ್ತು ಕೈಗಾರಿಕಾ ಸಂಶೋಧನೆಯ ಪರಿಷತ್ತು ಏರ್ಪಟ್ಟಿತು. ಶಾಂತಿಸ್ವರೂಪ ಭಟನಾಗರರು ಅದರ ಚಾಲಕರಾದರು. ಸ್ವಾತಂತ್ರ್ಯಾನಂತರ ರಾಷ್ಟ್ರೀಯ ಪ್ರಯೋಗಶಾಲೆಗಳು ಒಂದರ ಹಿಂದೊಂದು ತೆರೆದುವು. ಅವುಗಳಲ್ಲೊಂದಾದ ಕೇಂದ್ರೀಯ ಆಹಾರ ಸಂಶೋಧನಾಲಯವು 1950ರಲ್ಲಿ ಮೈಸೂರಿನ ಚೆಲುವಾಂಬಾ ಮಹಲಿನಲ್ಲಿ ನೆಲೆಗೊಂಡಿತು. 1951ರಲ್ಲಿ ಖರಗಪುರದಲ್ಲಿ ಮೊದಲನೆಯ ಐ.ಐ.ಟಿ. ಪ್ರಾರಂಭವಾಯಿತು. 1958ರಲ್ಲಿ ಕೇಂದ್ರ ಸರಕಾರವು ವಿಜ್ಞಾನನೀತಿಯ ನಿರ್ಣಯವನ್ನು ಅಂಗೀಕರಿಸಿ, ವಿಜ್ಞಾನದ ಪೋಷಣೆಯು ರಾಜ್ಯದ ಕರ್ತವ್ಯವೆಂದು ಸಾರಿತು.

ಇವುಗಳಿಂದ ಜನರಿಗೆ ದೊರೆತುದೇನೆಂದು ಕೇಳುವವರುಂಟು. ಅವರಿಗೆ ಉತ್ತರವನ್ನು ಮತದಾರನ ಬೆರಳಿನಲ್ಲಿಯೇ ತೋರಿಸಬಹುದು. ಒಬ್ಬನೇ ಎರಡು ಸಲ ಮತ ಹಾಕದಂತೆ ತಡೆಯಲು ಅಳಿಸಲಾರದ ಶಾಯಿಯೊಂದು ಬೇಕಾಗಿತ್ತು. ದಿಲ್ಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಶಾಲೆಯವರು ಬೆಳ್ಳಿಯ ಲವಣವನ್ನು ಬೆರಸಿದ ಶಾಯಿಯನ್ನು ಸಿದ್ಧಪಡಿಸಿದರು. ಅದನ್ನು ತಯಾರಿಸುವ ಕೆಲಸವು ಮೈಸೂರಿನ ಬಣ್ಣದ ಕಾರ್ಖಾನೆಗೆ ಬಂದಿತು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗಿನ ಕೆಲಸಕ್ಕೆಂದು ಪ್ರಾರಂಭವಾದ ಕಾರ್ಖಾನೆಯದು. 1962ರ ಮಹಾಚುನಾವಣೆಯಿಂದ ಮೊದಲುಗೊಂಡು ದೇಶದ ಕೋಟ್ಯಂತರ ಬೆರಳುಗಳ ಮೇಲೆ ಮೈಸೂರಿನ ಶಾಯಿಯೇ ಬಿದ್ದಿರುವುದು. ಪರದೇಶಗಳಿಗೂ ಅದು ಹೋಗುತ್ತಿರುವುದು. ಶೋಧಿಸಿದವರು ಒಂದೆಡೆ, ತಯಾರಿಸಿದವರು ಒಂದೆಡೆ, ಬಳಸಿದವರು ಎಲ್ಲೆಡೆ. ನಡುವಣ ಸಂಬಂಧವು ಮಾತ್ರ ಕಡಿಯಲಿಲ್ಲ.

ಇನ್ನೊಂದು ಸಂಗತಿಯು ಎಮ್ಮೆಯ ಹಾಲಿಗೆ ಸಂಬಂಧಪಟ್ಟುದು. ಎಮ್ಮೆಯ ಹಾಲನ್ನು ಪುಡಿಮಾಡುವುದು ಅಸಾಧ್ಯವೆಂದು ಪರದೇಶದ ತಜ್ಞರು ಹೇಳುತ್ತಿದ್ದರು. ಗುಜರಾತಿನ ಆಣಂದದ ರೈತರ ಸಹಕಾರಸಂಘದಲ್ಲಿ ದಲಾಯ ಎಂಬ ಎಂಜಿನಿಯರರು 1955ರಲ್ಲಿ ಅದನ್ನು ಮಾಡಿ ತೋರಿಸಿದರು. ಎಳೆಯ ಮಕ್ಕಳಿಗೆ ಆ ಹಾಲು ಜೀರ್ಣವಾಗುವಂತೆ ಅದರ ಕೊಬ್ಬನ್ನು ಹದಗೊಳಿಸಿ ಶಿಶುವಿನ ಆಹಾರವನ್ನು ತಯಾರಿಸುವ ವಿಧಾನವನ್ನು ಮೈಸೂರಿನ ಆಹಾರ ಸಂಶೋಧನಾಲಯವು ಕಂಡುಹಿಡಿಯಿತು. ಅದೇ ಸಹಕಾರಸಂಘವು ಅದನ್ನು ಪೇಟೆಗೆ ತಂದಿತು. ಅಲ್ಲಿಯವರೆಗೆ ತಾಯಂದಿರು ಹಡಗಿನಲ್ಲಿ ಬಂದ ಡಬ್ಬಿಗಳಿಗಾಗಿ ಕಾಯಬೇಕಾಗಿತ್ತು.

ರಾಗಿಯನ್ನುಣ್ಣುವ ನಾಡಿನವರು ಮರೆಯಬಾರದ ಮತ್ತೊಂದು ಹೆಸರು ಲಕ್ಷ್ಮಣಯ್ಯನವರದು. ಮಂಡ್ಯದ ವಿ.ಸಿ. ಫಾರಂನಲ್ಲಿ ಅವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಸಂಕರಮಾಡಿ ‘ಇಂಡಾಫ್’ ಎಂಬ ತಳಿಗಳನ್ನು ಹೊರತಂದರು. ಇಂಡಿಯ, ಆಫ್ರಿಕ ಎಂಬ ಎರಡು ಹೆಸರುಗಳು ಕೂಡಿ ಆದ ಹೆಸರದು. ರಾಗಿಯ ಹೂವು ಬಹು ಸಣ್ಣದು. ಒಂದರ ಪರಾಗವನ್ನು ಇನ್ನೊಂದಕ್ಕೆ ಸೇರಿಸುವುದು ಕಣ್ಣಿಗೂ ಕೈಗೂ ತಾಳ್ಮೆಗೂ ಪರೀಕ್ಷೆಯಾದ ಕೆಲಸ. ಅವರ ತಳಿಗಳು 1970ರ ದಶಕದಿಂದ ಹೊಲಗಳಿಗೆ ಬಂದುವು; ಬಡವನ ಕಣಜದಲ್ಲಿ ರಾಗಿಯ ರಾಶಿಯು ದೊಡ್ಡದಾಯಿತು. ಅವರ ಹೆಸರನ್ನು ಬಲ್ಲವರು ಕಡಮೆ, ಅವರ ಬೆಳೆಯನ್ನು ಉಂಡವರು ಅಸಂಖ್ಯರು.

ಬಾಹ್ಯಾಕಾಶದ ಕಾರ್ಯವು ಹೇಗೆ ಬೆಳೆಯಿತೆಂಬುದೂ ಇಲ್ಲಿ ವಿಚಾರಾರ್ಹವಾಗಿದೆ. 1963ರ ನವೆಂಬರ್ 21ರಂದು ಕೇರಳದ ತುಂಬಾ ಎಂಬ ಬೆಸ್ತರ ಹಳ್ಳಿಯಿಂದ ಮೊದಲನೆಯ ರಾಕೆಟ್ಟು ಮೇಲೇರಿತು. ಅದು ಅಮೆರಿಕದಿಂದ ತಂದ ರಾಕೆಟ್ಟು. ಹನ್ನೆರಡು ವರ್ಷಗಳ ಮೇಲೆ, ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ, ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ‘ಆರ್ಯಭಟ’ವೆಂಬ ಉಪಗ್ರಹವು ಸಿದ್ಧವಾಯಿತು. 1975ರ ಏಪ್ರಿಲ್ 19ರಂದು ಸೋವಿಯೆತ್ ದೇಶದ ರಾಕೆಟ್ಟು ಅದನ್ನು ಕಕ್ಷೆಗೆ ಸೇರಿಸಿತು. ಕೆಲವೇ ದಿನಗಳಲ್ಲಿ ವಿದ್ಯುತ್ತಿನ ದೋಷದಿಂದ ಅದರೊಳಗಣ ಪ್ರಯೋಗಗಳು ನಿಂತುಹೋದುವು. ಆದರೂ ಕಟ್ಟಿದವರ ಕೈ ಪಳಗಿತು. ಆ ಪಳಗಿದ ಕೈಗಳೇ ಮುಂದಿನ ಉಪಗ್ರಹಗಳನ್ನು ಕಟ್ಟಿದುವು.

ಅದೇ 1975ರ ಆಗಸ್ಟ್ ಮೊದಲನೆಯ ತಾರೀಖಿನಿಂದ ಒಂದು ವರ್ಷಕಾಲ, ಅಮೆರಿಕದ ಒಂದು ಉಪಗ್ರಹವನ್ನು ಎರವು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಮೂಲಕ ವ್ಯವಸಾಯ, ಆರೋಗ್ಯ, ವಿದ್ಯೆಗಳ ಪಾಠಗಳನ್ನು ಕಳುಹಿಸಲಾಯಿತು. ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದುವು. ಪಟ್ಟಣವಾಸಿಗಳಲ್ಲಿಯೇ ಅನೇಕರು ದೂರದರ್ಶನವನ್ನು ಕಾಣದಿದ್ದ ಕಾಲದಲ್ಲಿ, ಬರಗಾಲದ ಸೀಮೆಯ ಒಕ್ಕಲಿಗರು ಶಾಲೆಯ ಅಂಗಳದಲ್ಲಿ ಕುಳಿತು ಆಕಾಶದಿಂದ ಬಂದ ಪಾಠವನ್ನು ಕೇಳಿದರು. ಬಡ ದೇಶಕ್ಕೆ ಬಾಹ್ಯಾಕಾಶವೇಕೆ ಎಂದು ಕೇಳಿದವರಿಗೆ ವಿಕ್ರಮ ಸಾರಾಭಾಯಿಯವರು ಯೋಚಿಸಿಟ್ಟಿದ್ದ ಉತ್ತರವಿದೇ ಆಗಿದ್ದಿತು. ಅದನ್ನು ಕಣ್ಣಾರೆ ಕಾಣುವ ಮೊದಲೇ, 1971ರಲ್ಲಿ, ಅವರು ತೀರಿಕೊಂಡರು.

ತರುವಾಯದ ಒಂದು ಪ್ರಸಂಗವು ಇನ್ನೂ ಬೋಧಪ್ರದವಾಗಿದೆ. ಭಾರವಾದ ಉಪಗ್ರಹಗಳನ್ನು ಎತ್ತರಕ್ಕೆ ಒಯ್ಯಲು ಅತಿಶೀತಲ ಯಂತ್ರವೊಂದು ಬೇಕಾಗುವುದು. ಅದರಲ್ಲಿ ಶೂನ್ಯಕ್ಕಿಂತ 253 ಡಿಗ್ರಿ ಕೆಳಗಿನ ದ್ರವ ಜಲಜನಕವನ್ನೂ 183 ಡಿಗ್ರಿ ಕೆಳಗಿನ ದ್ರವ ಆಮ್ಲಜನಕವನ್ನೂ ಉರಿಸಬೇಕು. ಕೆಲವು ಅಂಗುಲಗಳ ಅಂತರದಲ್ಲಿಯೇ ಘೋರವಾದ ಚಳಿಯೂ ಘೋರವಾದ ಬೆಂಕಿಯೂ ಇರುವುವು. ಈ ವಿದ್ಯೆಯನ್ನು ಕೊಡಲು ರಷ್ಯದವರು 1991ರಲ್ಲಿ ಒಪ್ಪಂದ ಮಾಡಿಕೊಂಡರು. ಮಾರನೆಯ ವರ್ಷವೇ ಅಮೆರಿಕ ಸರಕಾರವು ನಿರ್ಬಂಧಗಳನ್ನು ಹೇರಿತು. 1993ರಲ್ಲಿ ಒಪ್ಪಂದವು ಮಾರ್ಪಟ್ಟು, ಸಿದ್ಧ ಯಂತ್ರಗಳು ಮಾತ್ರ ಬರುವುದೆಂದೂ ವಿದ್ಯೆಯು ಬರುವುದಿಲ್ಲವೆಂದೂ ಆಯಿತು. ಆಗ ದೇಶದ ಎಂಜಿನಿಯರರೂ ಖಾಸಗಿ ಕಾರ್ಖಾನೆಗಳ ಕುಶಲ ಕೆಲಸಗಾರರೂ ಕೂಡಿ ಅದನ್ನು ಮೊದಲಿನಿಂದ ಕಲಿಯಬೇಕಾಯಿತು. 2010ರ ಏಪ್ರಿಲಿನಲ್ಲಿ ಮಾಡಿದ ಮೊದಲನೆಯ ಹಾರಾಟವು ಕೆಟ್ಟು ಸಮುದ್ರದ ಪಾಲಾಯಿತು. 2014ರ ಜನವರಿ 5ರಂದು ಸ್ವದೇಶಿ ಯಂತ್ರವು ಸಫಲವಾಯಿತು. 2023ರಲ್ಲಿ ಚಂದ್ರಯಾನ-3ನ್ನು ಹೊತ್ತು ಮೇಲೇರಿದ ರಾಕೆಟ್ಟಿನ ಮೇಲ್ತುದಿಯಲ್ಲಿದ್ದುದೂ ಈ ಬಗೆಯ ಸ್ವದೇಶಿ ಯಂತ್ರವೇ. ಇಪ್ಪತ್ತು ವರ್ಷ ಹಣವನ್ನು ನಿಲ್ಲಿಸದೆ, ಸೋತವರನ್ನು ಹೊರಗಟ್ಟದೆ, ಕಾರ್ಯವನ್ನು ನಡಸಿಕೊಂಡು ಬಂದುದರಿಂದ ಇದು ಸಾಧ್ಯವಾಯಿತು. ವಿದ್ಯೆಯನ್ನು ಕೊಳ್ಳುವುದು ಬೇರೆ, ಕಲಿಯುವುದು ಬೇರೆ. ಕಲಿತುದನ್ನು ಯಾರೂ ಕಸಿದುಕೊಳ್ಳಲಾರರು.

ಔಷಧಗಳ ವಿಷಯದಲ್ಲಿಯೂ ಹೀಗೆಯೇ. 1970ರ ಪೇಟೆಂಟು ಕಾಯಿದೆಯು ಔಷಧದ ಮೇಲಲ್ಲದೆ ಅದನ್ನು ಮಾಡುವ ವಿಧಾನದ ಮೇಲೆ ಮಾತ್ರ ಹಕ್ಕನ್ನು ಮಾನ್ಯಮಾಡಿತು. ರಸಾಯನಜ್ಞರು ಬೇರೆ ವಿಧಾನಗಳನ್ನು ಹುಡುಕಿದರು, ಕಾರ್ಖಾನೆಗಳು ಬೆಳೆದುವು, ಗುಳಿಗೆಯ ಬೆಲೆಯು ಇಳಿಯಿತು. 2001ರಲ್ಲಿ ಮುಂಬಯಿಯ ಸಿಪ್ಲಾ ಕಂಪೆನಿಯು ಏಡ್ಸ್ ರೋಗದ ಔಷಧವನ್ನು ದಿನಕ್ಕೆ ಒಂದು ಡಾಲರಿಗಿಂತ ಕಡಮೆಗೆ ಕೊಡುವೆನೆಂದು ಮುಂದೆ ಬಂದಾಗ ಆಫ್ರಿಕ ಖಂಡದ ಲಕ್ಷಾಂತರ ರೋಗಿಗಳಿಗೆ ಬದುಕುವ ಆಸೆ ಹುಟ್ಟಿತು. ಕೂಸುಗಳ ಪ್ರಾಣವನ್ನು ಹೀರುವ ರೋಟಾ ಭೇದಿಗೆ ಭಾರತದಲ್ಲಿಯೇ ಲಸಿಕೆಯೊಂದು ಸಿದ್ಧವಾಗಿ 2016ರಲ್ಲಿ ಸರಕಾರದ ಲಸಿಕೆಯ ಕಾರ್ಯಕ್ರಮವನ್ನು ಸೇರಿತು. ಅದಕ್ಕೆ ಮೂಲವಾದ ವಿಷಾಣುವು ದಿಲ್ಲಿಯ ನವಜಾತ ಶಿಶುಗಳಲ್ಲಿ ಕಂಡುಬಂದುದು 1980ರ ದಶಕದ ನಡುವಿನಲ್ಲಿ. ಮೂವತ್ತು ವರ್ಷಗಳ ತಾಳ್ಮೆಯದು.

ಇಷ್ಟೆಲ್ಲ ಸಾಧಿಸಿದ ದೇಶದಲ್ಲಿ ಕೊರತೆಯು ಎಲ್ಲಿ ಬಂದಿತು?

ಮೊದಲನೆಯದಾಗಿ, ಕಲಿಸುವವನೂ ಶೋಧಿಸುವವನೂ ಅಗಲಿದರು. ಸ್ವಾತಂತ್ರ್ಯಾನಂತರ ಸಂಶೋಧನೆಯ ಹಣದಲ್ಲಿ ಬಹುಭಾಗವು ವಿಶ್ವವಿದ್ಯಾನಿಲಯಗಳ ಹೊರಗೆ ಕಟ್ಟಿದ ಪ್ರಯೋಗಶಾಲೆಗಳಿಗೆ ಹೋಯಿತು. ಹೀಗಾಗಬಾರದೆಂದು ಮೇಘನಾದ ಸಾಹರಂಥವರು ಆಗಲೇ ಎಚ್ಚರಿಸಿದ್ದರು. ಪರಿಣಾಮವೇನಾಯಿತೆಂದರೆ, ಪ್ರಯೋಗಶಾಲೆಗಳಲ್ಲಿ ಸಲಕರಣೆಗಳಿದ್ದುವು, ಪ್ರಶ್ನೆ ಕೇಳುವ ಎಳೆಯರಿರಲಿಲ್ಲ. ಕಲಾಶಾಲೆಗಳಲ್ಲಿ ಎಳೆಯರಿದ್ದರು, ಸಲಕರಣೆಗಳಿರಲಿಲ್ಲ. ಉಪಾಧ್ಯಾಯನು ಹಳೆಯ ಟಿಪ್ಪಣಿಯನ್ನು ಓದಿದನು, ವಿದ್ಯಾರ್ಥಿಯು ಅದನ್ನು ಬರೆದುಕೊಂಡನು, ಪರೀಕ್ಷೆಯು ಅದನ್ನೇ ಕೇಳಿತು.

ಎರಡನೆಯದಾಗಿ, ಕೈಗಾರಿಕೋದ್ಯಮಿಗಳು ಸಂಶೋಧನೆಯನ್ನು ತಮ್ಮ ಹೊಣೆಯೆಂದು ಎಣಿಸಲಿಲ್ಲ. ಬಹುಕಾಲ ಲೈಸೆನ್ಸಿನ ಕೋಟೆಯೊಳಗೆ ಸ್ಪರ್ಧೆಯಿಲ್ಲದೆ ಮಾರಾಟವು ನಡೆಯುತ್ತಿದ್ದಿತು. 1991ರಲ್ಲಿ ಕೋಟೆಯ ಬಾಗಿಲು ತೆರೆದ ಮೇಲೆ ಸಿದ್ಧ ಯಂತ್ರವನ್ನು ಹೊರಗಿನಿಂದ ತರಿಸಿಕೊಳ್ಳುವುದು ಸುಲಭವಾಯಿತು. ಹೀಗೆ ಎರಡು ಕಾಲದಲ್ಲಿಯೂ ಶೋಧಕನ ಬಾಗಿಲನ್ನು ತಟ್ಟುವ ಅಗತ್ಯವು ಅವರಿಗೆ ತೋರಲಿಲ್ಲ. 2020-21ರಲ್ಲಿ ದೇಶದ ಒಟ್ಟು ಸಂಶೋಧನಾವೆಚ್ಚದಲ್ಲಿ ಖಾಸಗಿ ಉದ್ಯಮಗಳ ಪಾಲು ಮೂರರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ; ದಕ್ಷಿಣ ಕೊರಿಯಾದಲ್ಲಿ ಅದು ನಾಲ್ಕರಲ್ಲಿ ಮೂರಕ್ಕೂ ಹೆಚ್ಚು. 1990ರ ದಶಕದ ನಡುಭಾಗದಲ್ಲಿ ಚೀನ ದೇಶವೂ ಭಾರತವೂ ತಮ್ಮ ಉತ್ಪನ್ನದಲ್ಲಿ ಸಂಶೋಧನೆಗೆ ಕೊಡುತ್ತಿದ್ದ ಭಾಗವು ಹೆಚ್ಚುಕಡಮೆ ಸಮನಾಗಿದ್ದಿತು. ಇಪ್ಪತ್ತೈದು ವರ್ಷಗಳಲ್ಲಿ ಚೀನದವರದು ನೂರಕ್ಕೆ 2.4ರಷ್ಟಾಯಿತು, ಭಾರತದ್ದು ಒಂದಿಷ್ಟು ಏರಿ ಮತ್ತೆ ಅಲ್ಲಿಗೇ ಇಳಿಯಿತು. ನೂರಕ್ಕೆ ಎರಡಕ್ಕೆ ಏರಿಸಬೇಕೆಂದು 2003ರ ನೀತಿಯೂ 2013ರ ನೀತಿಯೂ ಹೇಳಿದ್ದುವು. ಹೇಳಿದ ಮಾತು ಕಾಗದದಲ್ಲಿಯೇ ಉಳಿಯಿತು.

ಮೂರನೆಯದಾಗಿ, ಒಂದು ಪೆಟ್ಟಿಗೆ ಬೆದರಿ ಕೈಬಿಡುವ ಅಭ್ಯಾಸ. ಯಂತ್ರಗಳ ಮೆದುಳಿನಂತಿರುವ ಸಿಲಿಕಾನ್ ಚಿಪ್ಪುಗಳನ್ನು ತಯಾರಿಸಲು ಮೊಹಾಲಿಯಲ್ಲಿ ಸರಕಾರದ ಕಾರ್ಖಾನೆಯು 1984ರಲ್ಲಿ ಉತ್ಪಾದನೆಯನ್ನು ಪ್ರಾರಂಭಿಸಿತು. 1989ರಲ್ಲಿ ಅದಕ್ಕೆ ಬೆಂಕಿ ಬಿದ್ದು ಬಹುಭಾಗವು ಸುಟ್ಟುಹೋಯಿತು. ಮತ್ತೆ ಕಟ್ಟುವುದರೊಳಗೆ ಲೋಕವು ಬಹುದೂರ ಮುಂದೆ ನಡೆದಿತ್ತು. ಬೆಂಗಳೂರಿನ ಸಾವಿರಾರು ತರುಣ ತರುಣಿಯರು ಚಿಪ್ಪುಗಳ ನಕ್ಷೆಯನ್ನು ರಚಿಸುತ್ತಿದ್ದರೂ, ಆ ನಕ್ಷೆಯಂತೆ ವಸ್ತುವನ್ನು ಮಾಡುವ ಕೆಲಸವು ಬಹುಮಟ್ಟಿಗೆ ತೈವಾನ್ ಮೊದಲಾದ ದೇಶಗಳಿಗೆ ಸೇರಿತು. 2021ರಲ್ಲಿ ಕೇಂದ್ರ ಸರಕಾರವು 76,000 ಕೋಟಿ ರೂಪಾಯಿಗಳ ಯೋಜನೆಯನ್ನು ಹೂಡಿ ಆ ಕಾರ್ಯವನ್ನು ಪುನಃ ಕೈಗೆತ್ತಿಕೊಂಡಿತು. ರಾಕೆಟ್ಟಿನವರಿಗೆ ದೊರೆತ ತಾಳ್ಮೆಯು ಚಿಪ್ಪಿನವರಿಗೂ ದೊರೆತಿದ್ದರೆ ನಡುವಣ ಮೂವತ್ತು ವರ್ಷಗಳು ವ್ಯರ್ಥವಾಗುತ್ತಿರಲಿಲ್ಲ.

ನಾಲ್ಕನೆಯದಾಗಿ, ಯಾರ ಧ್ವನಿಯು ಕೇಳಿಸುವುದಿಲ್ಲವೋ ಅವರ ಕಷ್ಟವು ವಿಜ್ಞಾನದ ಕಣ್ಣಿಗೆ ಬೀಳಲಿಲ್ಲ. ಮಲದ ಗುಂಡಿಗಳಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯಿದೆಯು ನಿಷೇಧಿಸಿತು. ಅನಂತರವೂ ವಿಷವಾಯುವಿನಿಂದ ಕೆಲಸಗಾರರು ಸತ್ತ ವರ್ತಮಾನಗಳು ಬರುತ್ತಲೇ ಇರುವುವು. ಇದಕ್ಕೆ ಚಂದ್ರಲೋಕದ ವಿದ್ಯೆಯೇನೂ ಬೇಡ. ಆ ಕೆಲಸವನ್ನು ಮಾಡುವ ಯಂತ್ರವೊಂದನ್ನು ಕೇರಳದ ತರುಣ ಎಂಜಿನಿಯರರು 2018ರಲ್ಲಿಯೇ ಬಳಕೆಗೆ ತಂದರು. ಬುದ್ಧಿಯ ಕೊರತೆಯಲ್ಲ, ಕೊಳ್ಳುವವರ ಮನಸ್ಸಿನ ಕೊರತೆ. ಸ್ತ್ರೀಯರ ವಿಷಯವೂ ಇಂಥದೇ. 1933ರಲ್ಲಿ ಕಮಲಾ ಭಾಗವತ್ ಎಂಬ ಪದವೀಧರೆಯು ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದಾಗ, ಹೆಣ್ಣೆಂಬ ಕಾರಣದಿಂದ ಮೊದಲು ಪ್ರವೇಶವು ದೊರೆಯಲಿಲ್ಲ. ಆಕೆ ಹಟಹಿಡಿದ ಮೇಲೆ ಷರತ್ತುಗಳೊಡನೆ ದೊರೆಯಿತು. 1939ರಲ್ಲಿ ಆಕೆಗೆ ಕೇಂಬ್ರಿಜ್ಜಿನ ಡಾಕ್ಟರೇಟು ಬಂದಿತು. ಕಾಲವು ಬದಲಾಗಿದ್ದರೂ ಸಂಶೋಧನೆಯ ಕಾರ್ಯದಲ್ಲಿ ಸ್ತ್ರೀಯರು ಇನ್ನೂ ಐವರಲ್ಲಿ ಒಬ್ಬರಷ್ಟೂ ಇಲ್ಲ. ಅರ್ಧದಷ್ಟು ಬುದ್ಧಿಯನ್ನು ಅಡಿಗೆಮನೆಯಲ್ಲಿ ಕೂಡಿಹಾಕಿ, ದೇಶದಲ್ಲಿ ಬುದ್ಧಿವಂತರು ಸಾಲದೆಂದು ದುಃಖಿಸುವುದು ವಿವೇಕವಲ್ಲ.

ಇಲ್ಲಿ ಎರಡು ಆಕ್ಷೇಪಗಳಿಗೆ ಸಮಾಧಾನ ಹೇಳುವುದು ಆವಶ್ಯಕ. ಹಸಿದವರಿರುವ ದೇಶದಲ್ಲಿ ಸಂಶೋಧನೆಗೆ ಹಣ ಸುರಿಯುವುದು ತಪ್ಪೆಂಬುದು ಮೊದಲನೆಯದು. 1966ರಲ್ಲಿ ಹಸಿವನ್ನು ನೀಗಲು ಅಮೆರಿಕದ ಗೋದಿಯ ಹಡಗುಗಳನ್ನು ಕಾಯುತ್ತಿದ್ದ ದೇಶವಿದು. ಹೊಸ ತಳಿಗಳು ಬಂದ ಮೇಲೆ, 1965ರಲ್ಲಿ ಸುಮಾರು 120 ಲಕ್ಷ ಟನ್ನಿದ್ದ ಗೋದಿಯ ಬೆಳೆಯು 1970ರ ವೇಳೆಗೆ 200 ಲಕ್ಷ ಟನ್ನಾಯಿತು. ಅದಕ್ಕಾಗಿ ಅತಿಯಾದ ನೀರು ಗೊಬ್ಬರಗಳ ರೂಪದಲ್ಲಿ ಪಂಜಾಬಿನ ಭೂಮಿಯು ತೆತ್ತ ಬೆಲೆಯೂ ನಿಜವೇ. ಆದರೆ ಆ ದೋಷವನ್ನು ತಿದ್ದುವುದಕ್ಕೂ ಸಂಶೋಧನೆಯೇ ಬೇಕು. ಹಸಿವು ಸಂಶೋಧನೆಯನ್ನು ನಿಲ್ಲಿಸಲು ಕಾರಣವಲ್ಲ, ನಡಸಲು ಕಾರಣ.

ಪೂರ್ವಿಕರಿಗೆ ಎಲ್ಲವೂ ತಿಳಿದಿದ್ದಿತು, ಹೊಸದಾಗಿ ಹುಡುಕತಕ್ಕದ್ದೇನೂ ಇಲ್ಲ ಎಂಬುದು ಎರಡನೆಯದು. ಆರ್ಯಭಟ, ಬ್ರಹ್ಮಗುಪ್ತ, ಸುಶ್ರುತ, ಕನ್ನಡನಾಡಿನಲ್ಲಿದ್ದು ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯ ಇವರ ಕೀರ್ತಿಯು ಲೋಕಮಾನ್ಯವಾದುದು. ಅದಕ್ಕೆ ಉತ್ಪ್ರೇಕ್ಷೆಯ ಅಲಂಕಾರ ಬೇಡ. ಪ್ರಾಚೀನ ವಿಮಾನವಿದ್ಯೆಯದೆಂದು ಪ್ರಚಾರಕ್ಕೆ ಬಂದ ವೈಮಾನಿಕಶಾಸ್ತ್ರವನ್ನು ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು 1974ರಲ್ಲಿ ಪರೀಕ್ಷಿಸಿ, ಅದು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ರಚಿತವಾದುದೆಂದೂ ಅದರಲ್ಲಿ ವರ್ಣಿಸಿದ ವಿಮಾನಗಳು ಹಾರಲಾರವೆಂದೂ ನಿರ್ಣಯಿಸಿದರು. ಅವರು ಗ್ರಂಥವನ್ನು ಓದದೆ ತಳ್ಳಿಹಾಕಲಿಲ್ಲ. ಓದಿ, ಲೆಕ್ಕಮಾಡಿ, ನೋಡಿ ಹೇಳಿದರು. ಪೂರ್ವಿಕರಿಗೆ ಸಲ್ಲಿಸತಕ್ಕ ಗೌರವವು ಇದೇ. ಅವರೂ ತಮಗಿಂತ ಹಿಂದಿನವರ ಮಾತನ್ನು ಪರೀಕ್ಷಿಸಿಯೇ ಮುಂದೆ ನಡೆದವರು.

ಈಚೆಗೆ ಸ್ಥಿತಿಯನ್ನು ತಿದ್ದುವ ಯತ್ನಗಳೂ ನಡೆದಿರುವುವು. 2023ರ ಕಾಯಿದೆಯಿಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವು ಏರ್ಪಟ್ಟಿತು. ವಿಶ್ವವಿದ್ಯಾನಿಲಯಗಳಿಗೆ ಸಂಶೋಧನೆಯನ್ನು ಮರಳಿ ತರುವುದು ಅದರ ಉದ್ದೇಶಗಳಲ್ಲೊಂದು. ಖಾಸಗಿ ಉದ್ಯಮಗಳ ಸಂಶೋಧನೆಗೆ ನೆರವಾಗಲು ಒಂದು ಲಕ್ಷ ಕೋಟಿ ರೂಪಾಯಿಗಳ ನಿಧಿಗೆ ಕೇಂದ್ರ ಮಂತ್ರಿಮಂಡಲವು 2025ರ ಜುಲೈನಲ್ಲಿ ಒಪ್ಪಿಗೆಯಿತ್ತಿತು. ಇವು ಒಳ್ಳೆಯ ಸಂಕಲ್ಪಗಳು. ಆದರೆ ಮೇಲಿನಿಂದ ಸುರಿದ ನೀರು ಗಿಡಕ್ಕೆ ದಕ್ಕಬೇಕಾದರೆ ಬೇರು ಇರಬೇಕು. ಆ ಬೇರು ಪಾಠಶಾಲೆಯಲ್ಲಿದೆ.

ಎಷ್ಟೋ ಊರುಗಳ ಪ್ರೌಢಶಾಲೆಗಳಲ್ಲಿ ಪ್ರಯೋಗದ ಬೀರುವಿಗೆ ಬೀಗ ಬಿದ್ದಿರುತ್ತದೆ. ಗಾಜಿನ ನಳಿಗೆಗಳು ಒಡೆದಾವೆಂಬ ಭಯದಿಂದ ಅವು ಹೊರಕ್ಕೆ ಬರುವುದಿಲ್ಲ. ಬಾಲಕನು ಅಯಸ್ಕಾಂತದ ಲಕ್ಷಣವನ್ನು ಬಾಯಿಪಾಠ ಒಪ್ಪಿಸುತ್ತಾನೆ, ಅಯಸ್ಕಾಂತವನ್ನು ಮುಟ್ಟಿರುವುದಿಲ್ಲ. ಹತ್ತು ನಳಿಗೆಗಳು ಒಡೆದರೆ ನಷ್ಟವು ಕೆಲವು ನೂರು ರೂಪಾಯಿ. ಹತ್ತು ಮಕ್ಕಳ ಕುತೂಹಲವು ಬತ್ತಿದರೆ ಆಗುವ ನಷ್ಟಕ್ಕೆ ಲೆಕ್ಕವಿಲ್ಲ. ಈ ನಾಡಿನ ಮಠಗಳು ಸರಕಾರದ ಶಾಲೆಗಳು ವಿರಳವಾಗಿದ್ದ ಕಾಲದಲ್ಲಿಯೇ ಉಚಿತ ಪ್ರಸಾದನಿಲಯಗಳನ್ನೂ ಪಾಠಶಾಲೆಗಳನ್ನೂ ತೆರೆದು, ಬಡವರ ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಇತ್ತಿರುವುವು. ಅನ್ನ ಅಕ್ಷರಗಳ ಜತೆಗೆ ಇನ್ನು ಪ್ರಯೋಗವನ್ನೂ ಸೇರಿಸಬೇಕಾದ ಕಾಲವು ಬಂದಿರುವುದು.

ಅದಕ್ಕೆ ಬೇಕಾದುದು ಬಹಳವಿಲ್ಲ. ಪ್ರತಿಯೊಂದು ಶಾಲೆಯಲ್ಲಿ ಬೀಗವಿಲ್ಲದ ಒಂದು ಪ್ರಯೋಗದ ಕೋಣೆ. ಊರಿನ ಕಮ್ಮಾರನೂ ಬಡಗಿಯೂ ಪಂಪುಸೆಟ್ಟನ್ನು ರಿಪೇರಿ ಮಾಡುವವನೂ ತಿಂಗಳಿಗೊಮ್ಮೆ ಬಂದು ಮಕ್ಕಳಿಗೆ ತಮ್ಮ ಕೈಯ ವಿದ್ಯೆಯನ್ನು ತೋರಿಸುವ ಏರ್ಪಾಡು. ಹೆಣ್ಣುಮಕ್ಕಳನ್ನು ವಿಜ್ಞಾನದ ತರಗತಿಗೆ ಮುಂದಾಗಿ ಸೇರಿಸುವ ನಿಶ್ಚಯ. ಬಾವಿಯ ನೀರು, ಹೊಲದ ಮಣ್ಣು, ಹಿತ್ತಿಲ ಕೀಟ ಇವನ್ನೇ ಪಾಠದ ವಿಷಯವಾಗಿ ಮಾಡುವ ಉಪಾಧ್ಯಾಯ. ದೇಣಿಗೆ ಕೊಡುವವರು ಕಟ್ಟಡದ ಮೇಲೆ ಹೆಸರು ಕೆತ್ತಿಸುವಂತೆಯೇ ಒಂದು ಸೂಕ್ಷ್ಮದರ್ಶಕ ಯಂತ್ರಕ್ಕೂ ದ್ರವ್ಯವನ್ನು ಕೊಟ್ಟರೆ ಪುಣ್ಯವು ಕಡಮೆಯಾಗುವುದಿಲ್ಲ. ಕಲಕತ್ತೆಯ ದಾನಿಗಳು 1876ರಲ್ಲಿ ಚಂದಾ ಕೊಟ್ಟಾಗ ರಾಮನ್ನರು ಹುಟ್ಟಿಯೂ ಇರಲಿಲ್ಲ. ಇಂದು ಕೊಡುವ ದಾನವು ಯಾವ ಹಳ್ಳಿಯ ಯಾವ ಬಾಲಿಕೆಗೆ ಸಲ್ಲುವುದೋ ಹೇಳಬಲ್ಲವರಾರು?

ಭಕ್ತಮಹಾಶಯರೇ, ಭಾರತದ ವಿಜ್ಞಾನಕ್ಕೆ ಬುದ್ಧಿಯು ಸಾಲದೆಂದು ಯಾರೂ ಹೇಳಲಾರರು. ಕಲಿಸುವವನು, ಶೋಧಿಸುವವನು, ತಯಾರಿಸುವವನು, ಬಳಸುವವನು ಇವರು ಮತ್ತೆ ಒಂದೇ ಮನೆಯವರಂತಾಗಬೇಕು. ಸೋಲನ್ನು ಸಹಿಸುವ ತಾಳ್ಮೆಯು ಆಳುವವರಿಗೂ ಧನಿಕರಿಗೂ ಬರಬೇಕು. ಪ್ರಶ್ನೆ ಕೇಳಿದ ಮಗುವನ್ನು ಗದರಿಸದ ಗುಣವು ಪ್ರತಿಯೊಂದು ಮನೆಯಲ್ಲಿ ನೆಲೆಸಬೇಕು. ಇವುಗಳಲ್ಲಿ ಮೊದಲನೆಯ ಎರಡು ದೊಡ್ಡವರ ಕೈಯಲ್ಲಿರುವುವು. ಮೂರನೆಯದು ಈ ಸಭೆಯಲ್ಲಿರುವ ಪ್ರತಿಯೊಬ್ಬರ ಕೈಯಲ್ಲಿಯೂ ಇದೆ. ಈ ಮಹೋತ್ಸವದ ಶುಭಮುಹೂರ್ತದಲ್ಲಿ ಅದಕ್ಕೆ ನಾಂದಿಯಾಗಲಿ. ಶುಭಮಸ್ತು.